ಹದಿನೇಳು ಅವನದ್ದು, ಹತ್ತೊಂಬತ್ತು ನನ್ನದು

ನವೆಂಬರ್ ೪, ಮಂಗಳವಾರ

ಇಂದು ಬೆಳಿಗ್ಗೆ ಐದು ಗಂಟೆ ಹತ್ತು ನಿಮಿಷಕ್ಕೆ, ಕವಲಕ್ಕಿಗೆ ಇನ್ನೂ ಅರ್ಧ ಮೈಲಿ ಇರುವಾಗ, ನನ್ನ ಬೈಕಿನ ಹಿಂದಿನ ಗಾಲಿ ಹಠಾತ್ತನೆ ನಿಧನ ಹೊಂದಿತು. ಕಾರಣ ಎರಡಂಗುಲದ ಮೊಳೆ. ಮೃತರು ಗೇರುಸೊಪ್ಪದವರೆಗಿನ ತೊಂಬತ್ತೆರಡು ಮನೆಗಳ ಪತ್ರಿಕೆ ಓದುಗರನ್ನೂ, ಆ ಓದುಗರ ಬೈಗುಳ ಕೇಳಲು ಒಬ್ಬ ಏಜೆಂಟನನ್ನೂ ಅಗಲಿದ್ದಾರೆ.

ಆ ಏಜೆಂಟ ನಾನು. ಹದಿನಾಲ್ಕು ವರ್ಷದಿಂದ ಈ ಲೈನು ನನ್ನದು. ನಾಲ್ಕೂವರೆಗೆ ಹೊನ್ನಾವರದ ಬಸ್ ಸ್ಟ್ಯಾಂಡಿನಲ್ಲಿ ಕಟ್ಟು ಎತ್ತಿಕೊಂಡರೆ ಆರೂವರೆಯೊಳಗೆ ಗೇರುಸೊಪ್ಪದ ಕೊನೆಯ ಮನೆಯ ಜಗುಲಿಗೆ ಪೇಪರು ಬಿದ್ದಿರುತ್ತಿತ್ತು. ಇಂದು ಗಾಡಿಯನ್ನು ಮನೆಗೆ ತಳ್ಳಿ, ಕಟ್ಟನ್ನು ಹೆಗಲಿಗೇರಿಸಿ, ಬಸ್ಸು ಹತ್ತಿ ಇಳಿದು ಹತ್ತಿ ಇಳಿದು ಮುಗಿಸುವಾಗ ಹತ್ತೂಕಾಲು. ಅಷ್ಟು ಹೊತ್ತಿಗೆ ಸುದ್ದಿಯೆಲ್ಲ ತಣ್ಣಗಾಗಿ ಇತಿಹಾಸವಾಗಿತ್ತು.

ಹೊನ್ನಾವರ ಪೇಟೆಯ ಪಂಚರ್ ಅಂಗಡಿಯ ನಾಗರಾಜನಿಗೆ ಫೋನ್ ಮಾಡಿದೆ.

“ಅಂಗಡಿ ಬಿಟ್ಟು ಬರೂಕಾಗೂದಿಲ್ಲ ಮಾರಾಯ್ರೆ. ಗಾಲಿ ಬಿಚ್ಚಿ ಬಸ್ಸಿಗೆ ಹಾಕ್ಕಂಡು ಬನ್ನಿ.”

“ಬಿಚ್ಚೂದು ಹ್ಯಾಂಗೆ?”

“ಎರಡು ಪಾನಾ ಇದ್ರೆ ಆತು. ಈ ಬದಿ ನಟ್ಟಿಗೆ ಹತ್ತೊಂಬತ್ತು, ಆ ಬದಿಗೆ ಹದಿನೇಳು. ಅಲ್ದಿದ್ರೆ ನಿಮ್ಮಣ್ಣನ ಲಗೇಜ್ ರಿಕ್ಷಾದಲ್ಲಿ ಗಾಡಿನೇ ಹೇರ್ಕಂಡು ಬನ್ನಿ. ಪಕ್ಕದ ಮನೆಯಲ್ಲೇ ಅಲ್ದಾ ಅವ್ರು?”

ಫೋನ್ ಇಟ್ಟೆ. ನಾಗರಾಜ ಒಳ್ಳೆಯವನು, ಊರಿನ ಸುದ್ದಿ ಮಾತ್ರ ಅವನಿಗೆ ತಡವಾಗಿ ಮುಟ್ಟುತ್ತದೆ. ಅವನು ಹೇಳಿದ ಮನುಷ್ಯನೊಂದಿಗೆ ನಾನು ಮಾತು ಬಿಟ್ಟು ಎರಡು ವರ್ಷವಾಯಿತು. ಈ ದಿನಚರಿಯಲ್ಲಿ ಆತನ ಹೆಸರನ್ನಾಗಲಿ ಸಂಬಂಧವನ್ನಾಗಲಿ ಬರೆಯಬಾರದೆಂದು ನಿರ್ಣಯಿಸಿದ್ದೇನೆ. ಪೊಲೀಸ್ ಸುದ್ದಿಯಲ್ಲಿ ಬರೆಯುವಂತೆ ‘ಸದರಿ ವ್ಯಕ್ತಿ’ ಎಂದರೆ ಸಾಕು.

ಗಾಲಿಯನ್ನು ನಾನೇ ಬಿಚ್ಚುತ್ತೇನೆ. ಸದರಿ ವ್ಯಕ್ತಿಯ ಹಂಗಿಲ್ಲದೆ.

ನವೆಂಬರ್ ೫, ಬುಧವಾರ

ಮುಂದೆ ನಾನೇ ಇದನ್ನು ಓದುವಾಗ ಸಿಟ್ಟು ಇಳಿದಿರಬಾರದೆಂದು ಪಾನಾಗಳ ಚರಿತ್ರೆಯನ್ನು ದಾಖಲಿಸಿಡುತ್ತೇನೆ. ಪೇಟೆಯವರು ಸ್ಪ್ಯಾನರ್ ಎನ್ನುತ್ತಾರೆ; ಅಪ್ಪನ ಬಾಯಲ್ಲಿ ಅದು ಪಾನಾ.

ಅಪ್ಪ ಹೊನ್ನಾವರದ ಪಕ್ಕದ ಕಾಸರಕೋಡಿನ ಬಂದರದಲ್ಲಿ ಬೋಟಿನ ಇಂಜಿನ್ ರಿಪೇರಿ ಮಾಡುತ್ತಿದ್ದವರು. ಬಿಟ್ಟುಹೋದದ್ದು ಒಂದು ಮನೆ, ಹದಿನಾರು ತೆಂಗಿನ ಮರ, ಎಂಟು ಪಾನಾಗಳ ಒಂದು ಸೆಟ್ಟು. ಆಸ್ತಿಯ ಹಿಸ್ಸೆಯ ದಿನ ನಿವೃತ್ತ ವಿಶ್ವನಾಥ ಮಾಸ್ತರರು ಮಧ್ಯಸ್ಥರಾಗಿ ಬಂದು ಕುಳಿತರು. ಮನೆಗೆ ನಡುವೆ ಗೋಡೆ ಬಂತು, ಅಂಗಳಕ್ಕೆ ಸೊಂಟದೆತ್ತರದ ಕಲ್ಲಿನ ಪಾಗಾರ, ಮರ ಎಂಟೆಂಟು. ಪಾನಾ ಸೆಟ್ಟಿನ ಹತ್ತಿರ ಬಂದಾಗ ಇಬ್ಬರೂ ಬಿಟ್ಟುಕೊಡಲಿಲ್ಲ. ಮಾಸ್ತರರು ಕನ್ನಡಕ ಒರೆಸಿಕೊಂಡು “ನ್ಯಾಯ ಅಂದ್ರೆ ನ್ಯಾಯ” ಎಂದರು. ಪಾನಾಗಳನ್ನು ಚಾಪೆಯ ಮೇಲೆ ಅಳತೆಯ ಪ್ರಕಾರ ಸಾಲಾಗಿ ಮಲಗಿಸಿ, ಇಸ್ಪೀಟಿನ ಎಲೆ ಹಾಕಿದ ಹಾಗೆ ಹಂಚಿದರು: ಒಂದು ಕಿರಿಯವನಿಗೆ, ಒಂದು ಹಿರಿಯವನಿಗೆ. ಒಂದೊಂದು ಪಾನಾಕ್ಕೂ ಎರಡು ಬಾಯಿ, ಎರಡು ಅಳತೆ. ಹದಿನೆಂಟು-ಹತ್ತೊಂಬತ್ತರದ್ದು ನನಗೆ ಬಂತು. ಹದಿನಾರು-ಹದಿನೇಳರದ್ದು ಸದರಿ ವ್ಯಕ್ತಿಗೆ ಹೋಯಿತು. ಮಾತು ನಿಂತದ್ದು ಅಂದೇ. ಅಂದಿನಿಂದ ಎರಡೂ ಮನೆಗಳಲ್ಲಿ ಒಂದು ರಿಪೇರಿಯೂ ಪೂರ್ತಿಯಾದದ್ದಿಲ್ಲ. ನಮ್ಮ ಪಂಪು ಸೋರುತ್ತದೆ. ಅವನ ರಿಕ್ಷಾದ ಹಿಂದಿನ ಬಾಗಿಲು ಹಗ್ಗದ ಮೇಲೆ ನಿಂತಿದೆ.

ನನ್ನ ಹೆಂಡತಿ ನೀಲಾ ಚಹಾ ಕೊಡುತ್ತಾ, “ದಿನಾ ಹೊನ್ನಾವರಕ್ಕೆ ಹೋತ್ರಿ. ಒಂದು ಹದಿನೇಳು ತಕ್ಕಂಡು ಬಂದ್ರೆ ಎಂತ?” ಎಂದಳು.

“ಅಪ್ಪನ ಹದಿನೇಳು ಪಾಗಾರದ ಆಚೆ ಇರುವಾಗ ನಾನು ಅಂಗಡಿಯಿಂದ ತಂದ್ರೆ, ಹಿಸ್ಸೆ ಸರಿಯಾಗಿದೆ ಅಂತ ಒಪ್ಪಿದ ಹಾಗೆ ಆತು.”

“ಹಂಗಾರೆ ಆಚೆಯಿಂದ ಕೇಳಿ.”

“ಕೇಳಿದ್ರೆ ಸೋತ ಹಾಗೆ ಆತು.”

“ಹಂಗಾರೆ ಹಲ್ಲಿಂದ ಬಿಚ್ಚಿ,” ಎಂದು ಲೋಟ ತೆಗೆದುಕೊಂಡು ಒಳಗೆ ಹೋದಳು.

ಸಂಜೆ ನಾಲ್ಕಕ್ಕೆ ಶಸ್ತ್ರಚಿಕಿತ್ಸೆ ಶುರು. ಗಾಡಿಯ ಹೊಟ್ಟೆಯಡಿ ಎರಡು ಚಿರೆಕಲ್ಲು ಕೊಟ್ಟು ಹಿಂಭಾಗವನ್ನು ನೆಲದಿಂದ ಎತ್ತಿದೆ. ಸಲಕರಣೆಗಳು: ನನ್ನ ಹಿಸ್ಸೆಯ ಹತ್ತೊಂಬತ್ತು, ತೆಂಗಿನಕಾಯಿ ಸುಲಿಯುವ ಹಾರೆ, ಒರಳುಗುಂಡು, ಒಂದು ಬಾಟಲಿ ಕೊಬ್ಬರಿ ಎಣ್ಣೆ, ಪಂಪಿನ ಹಳೆಯ ಪೈಪಿನ ತುಂಡು. ಉಪ್ಪುಗಾಳಿಗೆ ನಟ್ಟು ಬೆಲ್ಲದ ಉಂಡೆಯ ಬಣ್ಣಕ್ಕೆ ತಿರುಗಿತ್ತು. ಎಣ್ಣೆ ಹೊಯ್ದು, ಪಾನಾದ ಬಾಲಕ್ಕೆ ಪೈಪು ತೂರಿಸಿ ಉದ್ದ ಮಾಡಿ, ಮೈಭಾರ ಬಿಟ್ಟು ಒತ್ತಿದೆ. ತಿರುಗಿತು! ಮತ್ತೆ ಒತ್ತಿದೆ. ಮತ್ತೆ ತಿರುಗಿತು. ಕಾಲು ಗಂಟೆ ತಿರುಗಿಸಿದೆ. ನಟ್ಟು ಬೆಣ್ಣೆಯ ಹಾಗೆ ತಿರುಗುತ್ತಿತ್ತು, ಹೊರಗೆ ಮಾತ್ರ ಬರುತ್ತಿರಲಿಲ್ಲ.

ಪಾಗಾರದ ಆಚೆಯಿಂದ ಒಂದು ಧ್ವನಿ. ಸದರಿ ವ್ಯಕ್ತಿ ತನ್ನ ಕಪ್ಪು ಕೋಳಿಗೆ ಅಕ್ಕಿ ಹಾಕುತ್ತಾ ಅದರೊಂದಿಗೆ ಮಾತಾಡುತ್ತಿದ್ದ.

“ನೋಡೆ, ಕೆಲವ್ರು ಗಡಿಯಾರಕ್ಕೆ ಕೀ ಕೊಟ್ಟ ಹಾಗೆ ಕೊಡ್ತಾ ಇದ್ದಾರೆ. ಇನ್ನು ಸ್ವಲ್ಪ ಹೊತ್ತಿಗೆ ಗಂಟೆ ಹೊಡೀತದೆ, ಕೇಳು.”

ಬಗ್ಗಿ ಆಚೆ ಬದಿ ನೋಡಿದೆ. ನಾನು ಈ ಕಡೆ ನಟ್ಟು ತಿರುಗಿಸಿದಷ್ಟೂ ಆ ಕಡೆ ಎಕ್ಸಲ್ಲಿನ ತಲೆ ಜೊತೆಗೇ ತಿರುಗುತ್ತಿತ್ತು. ಒಂದು ಬದಿ ತಿರುಗಿಸುವಾಗ ಇನ್ನೊಂದು ಬದಿ ಹಿಡಿದುಕೊಳ್ಳಬೇಕು. ಹಿಡಿಯಲು ಹದಿನೇಳು ಬೇಕು.

“ನೀಲಾ, ಆ ಕೋಳಿಗೆ ಹೇಳು,” ಎಂದೆ ಗಟ್ಟಿಯಾಗಿ, “ಇಲ್ಲಿ ಯಾರೂ ಅದರ ಅಭಿಪ್ರಾಯ ಕೇಳ್ಲಿಲ್ಲ ಅಂತ.”

“ಹೇಳ್ತೆ,” ಎಂದಿತು ಪಾಗಾರ, “ಅದಕ್ಕೆ ಮೊಟ್ಟೆ ಇಡೂದು ಬರ್ತದೆ. ಕೆಲವ್ರಿಗೆ ಅದೂ ಬರೂದಿಲ್ಲ.”

ನವೆಂಬರ್ ೬, ಗುರುವಾರ

ಇಂದು ಓದುಗರ ಪತ್ರಗಳ ವಿಭಾಗ.

ಉಪ್ಪೋಣಿಯ ಮಹಾಲಕ್ಷ್ಮೀ ಅಮ್ಮ: “ಒಂಬತ್ತೂವರೆಗೆ ಬಂದ ದಿನಭವಿಷ್ಯ ಎಂತ ಭವಿಷ್ಯ ತಮಾ? ಅರ್ಧ ದಿನ ಆಗ್ಲೇ ಕಳ್ದೋತು. ಬೆಳಿಗ್ಗೆ ಜಾಗ್ರತೆ ಅಂತ ಬರ್ದಿದ್ದಾರೆ. ನಾನು ಬೆಳಿಗ್ಗೆನೇ ಬಚ್ಚಲಲ್ಲಿ ಜಾರಿ ಬಿದ್ದೆ. ಯಾರು ಹೊಣೆ?”

ವಿಶ್ವನಾಥ ಮಾಸ್ತರರು: “ಸಂಪಾದಕೀಯ ಓದದೇ ನಂಗೆ ಹೊಟ್ಟೆ ಸಾಫ್ ಆಗೂದಿಲ್ಲ. ಎರಡು ದಿನ ಆತು ಮಾರಾಯ.” ಎಲ್ಲಕ್ಕೂ ಮೂಲ ನೀವೇ, ನಿಮ್ಮ ಚಾಪೆಯೇ ಎಂದು ಹೇಳಬೇಕೆಂದಿದ್ದೆ. ಮುಖ ನೋಡಿ ಪೇಪರು ಕೈಗಿಟ್ಟು ಬಂದೆ. ಎರಡು ದಿನ ಅಂದರೆ ಕಡಿಮೆಯಲ್ಲ.

ಇನ್ನೊಬ್ಬರು ನಾಯಿ ಬಿಟ್ಟರು.

ಮಧ್ಯಾಹ್ನ ಹೊನ್ನಾವರದ ದೊಡ್ಡ ಏಜೆಂಟರು ಮಹಾಗಣಪತಿಯವರ ಫೋನ್ ಬಂತು. ನಮ್ಮಂಥ ಲೈನಿನವರಿಗೆಲ್ಲ ಪೇಪರು ಹಂಚುವವರು ಅವರೇ. “ನನಗೆ ಹನ್ನೊಂದು ದೂರು ಬಂತು. ಭಾನುವಾರ ಆರೂವರೆಗೆ ಗೇರುಸೊಪ್ಪ ಮುಟ್ಟಬೇಕು. ಮುಟ್ಟದಿದ್ರೆ ಸೋಮವಾರದಿಂದ ಲೈನು ಬೇರೆಯವರಿಗೆ ಕೊಡ್ತೆ. ಬೇಜಾರು ಮಾಡ್ಕಳ್ಳೂದು ಬೇಡ.”

ಬೇಜಾರು ಮಾಡಿಕೊಂಡೆ. ತೊಂಬತ್ತೆರಡು ಮನೆಯ ಜಗುಲಿ, ನಾಯಿ, ಗೇಟಿನ ಕೊಂಡಿ ಎಲ್ಲ ನನಗೆ ಕಣ್ಣು ಮುಚ್ಚಿಯೂ ಗೊತ್ತು. ಈ ಲೈನು ಬಿಟ್ಟರೆ ನನಗೆ ಬೇರೇನೂ ಗೊತ್ತಿಲ್ಲ.

ನವೆಂಬರ್ ೭, ಶುಕ್ರವಾರ

ಅಡುಗೆಮನೆಯಿಂದ ಇಕ್ಕಳ ತರಿಸಿದೆ. ನೀಲಾ ಆ ಕಡೆ ಕುಳಿತು ಎಕ್ಸಲ್ಲಿನ ತಲೆಯನ್ನು ಗೋಣಿತಾಟು ಸುತ್ತಿದ ಇಕ್ಕಳದಲ್ಲಿ ಹಿಡಿಯುವುದು, ನಾನು ಈ ಕಡೆ ತಿರುಗಿಸುವುದು ಎಂದು ಯೋಜನೆ. ಇಕ್ಕಳ ಬಾಗಿತು. ಗೋಣಿತಾಟು ಹರಿಯಿತು. ಎಕ್ಸಲ್ಲಿನ ತಲೆಯ ಎರಡು ಮೂಲೆ ಸವೆದು ದುಂಡಗಾದವು. ನನ್ನ ಬೆರಳ ಗೆಣ್ಣಿನ ಚರ್ಮ ಹೋಯಿತು. ಈ ನಾಲ್ಕರಲ್ಲಿ ನೀಲಾ ಅತ್ತದ್ದು ಇಕ್ಕಳಕ್ಕೆ.

“ಅಮ್ಮನ ಮನೆಯಿಂದ ತಂದ ಇಕ್ಕಳ! ನಾಳೆ ಹಾಲಿನ ಪಾತ್ರೆ ನಿಮ್ಮ ಕೈಯಲ್ಲೇ ಇಳಿಸ್ತೆ ನೋಡಿ!” ಎಂದು ಎದ್ದವಳು ನೇರವಾಗಿ ಪಾಗಾರದ ಹತ್ತಿರ ಹೋದಳು. ತಡೆಯುವಷ್ಟರಲ್ಲಿ ಹೇಳಿಬಿಟ್ಟಳು: “ಭಾವ, ಆ ಹದಿನೇಳು ಒಂದು ಗಳಿಗೆ ಕೊಡಿ.”

“ಕೊಡೂದಿಲ್ಲ ನೀಲಾ,” ಎಂದ ಸದರಿ ವ್ಯಕ್ತಿ. “ಹಿಸ್ಸೆ ಆದದ್ದು ಆತು. ನನ್ನ ಪಾನಾ ನನ್ನ ಕೈ ಬಿಟ್ಟು ಹೋಗೂದಿಲ್ಲ.”

“ಗಾಲಿ ಬಿಚ್ಚದಿದ್ರೆ ಲೈನು ಹೋತದೆ ಭಾವ.”

ಅವನು ಕೋಳಿಗೆ ಇನ್ನೊಂದು ಹಿಡಿ ಅಕ್ಕಿ ಹಾಕಿದ.

“ಕೈ ಬಿಟ್ಟು ಹೋಗೂದಿಲ್ಲ ಅಂದೆ. ಕೈ ಸಮೇತ ಬಂದ್ರೆ ನಂಗೆ ಅಡ್ಡಿಲ್ಲ.”

ಹೀಗೆ ರಮಾನಂದನೆಂಬ ಆ ಮನುಷ್ಯ (ಹೆಸರು ಬರೆದುಬಿಟ್ಟೆ, ಇರಲಿ, ಆರೋಪಿಯ ಹೆಸರು ಒಂದು ದಿನ ಹೊರಗೆ ಬರಲೇಬೇಕು) ಎರಡು ವರ್ಷದ ನಂತರ ಪಾಗಾರ ದಾಟಿ ನನ್ನ ಅಂಗಳದಲ್ಲಿ ಕಾಲಿಟ್ಟ. ಹದಿನೇಳನ್ನು ಯಾರೋ ಕಸಿದುಕೊಳ್ಳುತ್ತಾರೆ ಎಂಬಂತೆ ಎದೆಗೊತ್ತಿಕೊಂಡು ಆಚೆ ಬದಿ ಕುಕ್ಕರಗಾಲಿನಲ್ಲಿ ಕುಳಿತ. ನಡುವೆ ಗಾಲಿ. ಕಡ್ಡಿಗಳ ಸಂದಿಯಲ್ಲಿ ಅವನ ಮೂಗು, ಮೀಸೆ ತುಂಡುತುಂಡಾಗಿ ಕಾಣುತ್ತಿದ್ದವು. ಅಷ್ಟು ಕಂಡದ್ದೇ ಹೆಚ್ಚು.

“ನೀಲಾ, ಎಡಕ್ಕೆ ತಿರುಗ್ಸೂಕೆ ಹೇಳು ಅವ್ನಿಗೆ,” ಎಂದ.

“ಯಾರ ಎಡಕ್ಕೆ ಅಂತ ಕೇಳು ನೀಲಾ. ನಾನು ಈ ಕಡೆ ಇದ್ದೆ, ಅವನು ಆ ಕಡೆ ಇದ್ದಾನೆ.”

“ಅವನ ಎಡಕ್ಕೆ ಅಂತ ಹೇಳು. ಎಡ ಯಾವ್ದು ಅಂತ ಅವ್ನಿಗೆ ಗೊತ್ತಿದ್ಯಾ ಅಂತಲೂ ಕೇಳು.”

“ನಂಗೆ ಒಲೆ ಮೇಲೆ ಸಾರಿದೆ,” ಎಂದು ನೀಲಾ ನಮ್ಮಿಬ್ಬರನ್ನೂ ಗಾಲಿಯ ಸುಪರ್ದಿಗೆ ಒಪ್ಪಿಸಿ ನಡೆದಳು. ಆಮೇಲೆ ಒಂದು ಗಂಟೆ ಇಬ್ಬರೂ ಮಾತಿಲ್ಲದೆ ಗುದ್ದಾಡಿದೆವು. ಮೂಲೆ ಸವೆದ ತಲೆಯಿಂದ ಹದಿನೇಳು ಜಾರುತ್ತಿತ್ತು. ಅವನು ಹಳೆಯ ಡಬ್ಬಿಯ ತಗಡು ಕತ್ತರಿಸಿ ಸಂದಿಗೆ ತುರುಕಿ ಬಿಗಿ ಮಾಡಿದ. ಆರು ಗಂಟೆಗೆ ನಟ್ಟು ಕಿರ್ರೆಂದು ಒಂದು ಸುತ್ತು ಬಿಟ್ಟುಕೊಟ್ಟಿತು. ನಾನು ಒತ್ತಿದ್ದರಿಂದ. ಅವನು ಮನೆಗೆ ಹೋಗುತ್ತಾ ಕೋಳಿಗೆ ಹೇಳಿದ್ದು ಬೇರೆ: “ಹಿಡ್ಕಂಡವ ನಾನು. ಒತ್ತೂದು ಎಮ್ಮೆಗೂ ಬತ್ತದೆ.”

ನವೆಂಬರ್ ೮, ಶನಿವಾರ

ಹತ್ತು ಗಂಟೆಗೆ ಪೇಪರು ಮುಗಿಸಿ ಬಂದರೆ ರಮಾನಂದ ಆಗಲೇ ಗಾಡಿಯ ಪಕ್ಕ ಕುಳಿತಿದ್ದ. ನನ್ನ ಅಂಗಳದಲ್ಲಿ, ನನ್ನ ಮಣೆಯ ಮೇಲೆ, ನನ್ನ ಹೆಂಡತಿ ಕೊಟ್ಟ ಚಹಾ ಕುಡಿಯುತ್ತಾ. ಅತಿಕ್ರಮಣ ಎಂದರೆ ಇದೇ.

ನಟ್ಟು ಬಂತು, ಎಕ್ಸಲ್ಲು ಬರಲಿಲ್ಲ. ತುಕ್ಕು ಅದನ್ನು ಗಾಲಿಯೊಳಗೆ ಬೆಸೆದುಬಿಟ್ಟಿತ್ತು. ನಾನು ಕೊಬ್ಬರಿ ಎಣ್ಣೆ ಹೊಯ್ದೆ. ಅವನು ಪಾಗಾರ ಹಾರಿ ಹೋಗಿ ಸೀಮೆಎಣ್ಣೆ ತಂದು ಅದರ ಮೇಲೆ ಹೊಯ್ದ. ನಾನು ಮತ್ತೆ ಕೊಬ್ಬರಿ ಎಣ್ಣೆ ಹೊಯ್ದೆ. ನಮ್ಮ ಮನೆಯಲ್ಲಿ ತಲೆನೋವು, ಕೀಲುನೋವು, ಕರಕರ ಎನ್ನುವ ಬಾಗಿಲು, ಎಲ್ಲಕ್ಕೂ ಕೊಬ್ಬರಿ ಎಣ್ಣೆಯೇ. ಎಕ್ಸಲ್ಲು ಬಾಗಿಲಿಗಿಂತ ದೊಡ್ಡ ಮನುಷ್ಯನೇ?

ಕಾಯಿ ಸುಲಿಯುವ ಹಾರೆಯ ಮೊನೆಯನ್ನು ಎಕ್ಸಲ್ಲಿನ ತುದಿಗೆ ಇಟ್ಟು ಅವನು ಹಿಡಿಯುವುದು, ನಾನು ಒರಳುಗುಂಡಿನಿಂದ ಹೊಡೆಯುವುದು. ಅವನ ಕೈ ಹಾರೆಯ ಮೇಲಿತ್ತು. ಎರಡು ವರ್ಷದಿಂದ ಕಾಯುತ್ತಿದ್ದ ಅವಕಾಶ. ಒಂದೇ ಒಂದು ಪೆಟ್ಟು ಹಾದಿ ತಪ್ಪಿದರೆ ಸಾಕಿತ್ತು. ಆದರೆ ಇಂದು ಯಾಕೋ ಕೈ ಬಹಳ ನೇರವಾಗಿ ಬೀಳುತ್ತಿತ್ತು. ಸುಸ್ತಾದ್ದರಿಂದ ಇರಬೇಕು.

ಇಪ್ಪತ್ತನೆಯ ಪೆಟ್ಟಿಗೆ ಎಕ್ಸಲ್ಲು ಹಾರಿ ಪಾಗಾರದ ಆಚೆ ಬಿತ್ತು. ಕೋಳಿ ಕಿರುಚಿತು. ಗಾಲಿ ನನ್ನ ತೊಡೆಯ ಮೇಲೆ ಉರುಳಿತು. ಎಕ್ಸಲ್ಲನ್ನು ಹೆಕ್ಕಿ ತಂದು, ಗಾಲಿ ಹೊತ್ತು ಬಸ್ಸಿನಲ್ಲಿ ಹೊನ್ನಾವರಕ್ಕೆ ಹೋದೆ. ನಾಗರಾಜ ಟ್ಯೂಬಿಗೆ ಹತ್ತು ನಿಮಿಷದಲ್ಲಿ ತೇಪೆ ಹಾಕಿದ. ಆಮೇಲೆ ಗಾಲಿಯ ನಡುವೆ ಬೆರಳಿಟ್ಟು ತಿರುಗಿಸಿ ನೋಡಿ, ಎಕ್ಸಲ್ಲನ್ನು ಬೆಳಕಿಗೆ ಹಿಡಿದ.

“ಬೇರಿಂಗು ಹೋಗಿದೆ ಮಾರಾಯ್ರೆ. ಎಕ್ಸಲ್ಲಿನ ಥ್ರೆಡ್ಡೂ ಹೋತು, ತಲೆಯೂ ಹೋತು. ಎಂತದ್ರಲ್ಲಿ ಹಿಡಿದ್ರಿ ಇದನ್ನ, ಇಕ್ಕಳದಲ್ಲಾ?”

ನಾನು ರಸ್ತೆಯ ಕಡೆ ನೋಡಿದೆ.

“ಸಾಮಾನು ಕುಮಟೆಯಿಂದ ಬರಬೇಕು. ಮಂಗಳವಾರ.”

ನಾಳೆ ಭಾನುವಾರ. ಮುಗಿಯಿತು. ನೀಲಾ ಹೇಳಿದಳು, ಭಾವನಿಗೆ ರಿಕ್ಷಾ ಕೇಳಿ ಎಂದು. ಪಾನಾ ಕೇಳದವನು ರಿಕ್ಷಾ ಕೇಳುವನೇ? ಹದಿನಾಲ್ಕು ವರ್ಷ. ಹೋಗಲಿ.

ನವೆಂಬರ್ ೯, ಭಾನುವಾರ

ನಾಲ್ಕಕ್ಕೆ ಎಚ್ಚರಾದದ್ದು ಹಾರ್ನಿಗೆ. ಹೊರಗೆ ಲಗೇಜ್ ರಿಕ್ಷಾ ದೀಪ ಹಾಕಿಕೊಂಡು ಗುರುಗುಡುತ್ತಿತ್ತು. ರಮಾನಂದ ಸ್ವೆಟರ್ ಹಾಕಿ, ತಲೆಗೆ ಟವೆಲ್ ಸುತ್ತಿ, ಎದುರಿನ ಗಾಜಿಗೆ ಹೇಳುತ್ತಿದ್ದ:

“ನಾನು ಹೊನ್ನಾವರ ಬಸ್ ಸ್ಟ್ಯಾಂಡಿಗೆ ಹೋಗಿ ಗೇರುಸೊಪ್ಪಕ್ಕೆ ಹೋತೆ. ಸುಮ್ನೆ, ಗಾಳಿಗೆ. ಯಾರಾದ್ರೂ ಹತ್ತಿದ್ರೆ ನಾನೇನು ಕೆಳಗೆ ದೂಡೂದಿಲ್ಲ.”

ಹತ್ತಿದೆ. ಹತ್ತಿದ್ದು ರಿಕ್ಷಾಕ್ಕೆ, ಅವನಿಗೆ ಸಂಬಂಧವಿಲ್ಲ. ಭಟ್ಕಳದಲ್ಲಿ ಮದುವೆ ಮನೆಗೆ ಕುರ್ಚಿ ಸಾಗಿಸುವ ಬಾಡಿಗೆ ಇತ್ತಂತೆ, ಬಿಟ್ಟನಂತೆ ಎಂದು ನೀಲಾ ಆಮೇಲೆ ಹೇಳಿದಳು. ಬಾಡಿಗೆ ಕೊಡುವವರೇ ಬೇಡವೆಂದಿರಬೇಕು. ಹಗ್ಗದ ಬಾಗಿಲಿನ ರಿಕ್ಷಾದಲ್ಲಿ ಯಾರು ಕುರ್ಚಿ ಹಾಕುತ್ತಾರೆ?

ಒಂದು ತೊಡಕು ಬಂತು. ಅವನಿಗೆ ಮನೆಗಳು ಗೊತ್ತಿಲ್ಲ. ಹೇಳಲೇಬೇಕಾಯಿತು. “ಎಡಕ್ಕೆ, ಹಸಿರು ಗೇಟು. ಮುಂದೆ ಹೊಂಡ ಇದೆ. ನಿಲ್ಲಿಸು. ನಾಯಿ ಇದೆ, ಇಳೀಬೇಡ. ಹೋಗು.” ಇದು ಮಾತಲ್ಲ, ವಿಳಾಸ. ಮಾತು ಬಿಟ್ಟದ್ದು ಹಾಗೆಯೇ ಇದೆ.

ಗೇರುಸೊಪ್ಪದ ಕೊನೆಯ ಮನೆಗೆ ಪೇಪರು ಬಿದ್ದದ್ದು ಆರು ಗಂಟೆ ಹದಿನೆಂಟು ನಿಮಿಷಕ್ಕೆ. ಬೈಕಿನಲ್ಲಿ ಹದಿನಾಲ್ಕು ವರ್ಷದಲ್ಲಿ ಒಮ್ಮೆಯೂ ಆಗದ ವೇಗ. ಹೊಳೆಯ ಮೇಲೆ ಮಂಜಿತ್ತು. ಅವನು ಫ್ಲಾಸ್ಕಿನಿಂದ ಎರಡು ಲೋಟ ಚಹಾ ಸುರಿದು ಒಂದನ್ನು ರಿಕ್ಷಾದ ಮೂತಿಯ ಮೇಲೆ ಇಟ್ಟ. ಯಾರಿಗೆಂದು ಹೇಳಲಿಲ್ಲ. ತಣ್ಣಗಾಗುತ್ತದೆಂದು ನಾನೇ ಕುಡಿದೆ. ಸಕ್ಕರೆ ಜಾಸ್ತಿ.

ನವೆಂಬರ್ ೧೧, ಮಂಗಳವಾರ

ದ್ರೋಹ!

ನಿನ್ನೆ, ಇಂದು ಬೆಳಿಗ್ಗೆಯೂ ರಿಕ್ಷಾ ಗಾಳಿಗೆ ಹೊರಟಿತ್ತು, ನಾನೂ ಹತ್ತಿದ್ದೆ. ಸಾಮಾನು ಬಂತೇ ಎಂದು ನಾಗರಾಜನಲ್ಲಿಗೆ ಹೊರಟವನನ್ನು ಮಹಾಗಣಪತಿಯವರು ದಾರಿಯಲ್ಲಿ ಹಿಡಿದು ಖುಷಿಯಿಂದ ಹೇಳಿದರು: “ಮೂರು ದಿನದಿಂದ ಒಂದೂ ದೂರಿಲ್ಲ ನಿತ್ಯಾನಂದ. ರಿಕ್ಷಾ ಇರೂ ಲೈನು ಬಿಟ್ಟು ನಾನು ಮೊಳೆ ತುಳಿಯೂ ಬೈಕು ನೋಡ್ತಾ ಕೂರ್ಲಾ? ಪುಸ್ತಕದಲ್ಲಿ ನಿಮ್ಮಣ್ಣನ ಹೆಸ್ರು ಬರ್ಕಂಡೆ.”

ಮನೆಗೆ ಬಂದವನೇ ಪಾಗಾರದ ಹತ್ತಿರ ಹೋಗಿ ನಿಂತು ಕೂಗಿದೆ. “ಲೈನು ನಂದು!”

“ನಿಂದೇ. ಯಾರು ಅಲ್ಲ ಅಂದ್ರು?”

“ಪುಸ್ತಕದಲ್ಲಿ ನಿನ್ನ ಹೆಸ್ರಿದೆ!”

“ಬರೀರಿ ಅಂತ ನಾ ಹೇಳ್ಲಿಲ್ಲ.”

“ಬರೀಬೇಡಿ ಅಂತಲೂ ಹೇಳ್ಲಿಲ್ಲ!”

“ಹೇಳು ಅಂತ ನೀ ನನ್ನ ಕೇಳಿದ್ಯಾ?” ಅವನು ಕೈಯಲ್ಲಿದ್ದ ಅಕ್ಕಿಯನ್ನೆಲ್ಲ ಒಮ್ಮೆಲೇ ಕೋಳಿಯ ಮೇಲೆ ಚೆಲ್ಲಿದ. “ಎರಡು ವರ್ಷ ಆತು ಮಾರಾಯ. ಒಂದು ಕೊಡಪಾನ ನೀರು? ಒಂದು ಏಣಿ? ಎಂತಾದ್ರೂ ಕೇಳಿದ್ಯಾ ನೀ ನನ್ನ ಹತ್ರ?”

ಕೇಳಿದ್ದಕ್ಕೆ ಉತ್ತರ ಕೊಡದೆ ತಿರುಗಿ ಪ್ರಶ್ನೆ ಕೇಳುವುದು ಅವನ ಹಳೆಯ ಚಟ. ಚಿಕ್ಕಂದಿನಿಂದಲೂ ಹಾಗೆಯೇ. ನಾನು ಒಳಗೆ ಬಂದೆ. ಊಟವನ್ನೂ ಮಾಡಲಿಲ್ಲ. ನೀಲಾ ಬಡಿಸಿದ್ದು ಬಂಗುಡೆ ಸಾರು, ಅದಕ್ಕೆ ಆಮೇಲೆ ಮಾಡಿದೆ.

ನವೆಂಬರ್ ೧೩, ಗುರುವಾರ

ಹೊಸ ಬೇರಿಂಗು, ಹೊಸ ಎಕ್ಸಲ್ಲು. ಗಾಲಿ ಕೂರಿಸುವ ಹೊತ್ತಿಗೆ ಅವನು ಕರೆಯದೆಯೇ ಹದಿನೇಳು ಹಿಡಿದು ಬಂದ. ಬೇಹುಗಾರಿಕೆಗೆ. ನಾನು ಹತ್ತೊಂಬತ್ತು ಹಿಡಿದೆ. ಗಾಲಿಯನ್ನು ಒನಕೆಯಿಂದ ಮೀಟಿ ಎತ್ತಿದವಳು ನೀಲಾ. ಚೈನು, ಬುಷ್ಷು, ಬ್ರೇಕಿನ ಸರಳು ಎಲ್ಲ ಒಂದೊಂದಾಗಿ ಕೂತವು. “ಬಿಗಿ,” ಎಂದ. ಬಿಗಿದೆ. “ಇನ್ನೂ.” ಬಿಗಿದೆ. “ಸಾಕು, ಹರೀತದೆ.” ನಾನು ಇನ್ನೊಂದು ಸುತ್ತು ಹೆಚ್ಚಿಗೆ ಬಿಗಿದೆ, ಅವನು ಸಾಕೆಂದದ್ದರಿಂದ.

ಅವನು ಬರುವ ಮೊದಲು ಒಂದು ಕೆಲಸ ಮಾಡಿದ್ದೆ. ಬ್ರೇಕು ತಿಂಗಳಿಂದ ಕೀ ಕೀ ಎನ್ನುತ್ತಿತ್ತು. ಗಾಲಿಯೊಳಗಿನ ಅದರ ಶೂಗೆ, ಅಂದರೆ ಲಾಳಕ್ಕೆ, ನಾಲ್ಕು ಚಮಚ ಕೊಬ್ಬರಿ ಎಣ್ಣೆ ಹಚ್ಚಿದ್ದೆ.

ಪರೀಕ್ಷಾ ಸವಾರಿಗೆ ನಮ್ಮ ಮನೆಯ ಇಳಿಜಾರು. ಕೀ ಕೀ ನಿಂತಿತ್ತು. ಬ್ರೇಕೂ ನಿಂತಿತ್ತು. ಎಷ್ಟು ತುಳಿದರೂ ಗಾಡಿ ಸರಾಗವಾಗಿ ರಸ್ತೆಯ ಕಡೆ, ಅಲ್ಲಿ ಬರುತ್ತಿದ್ದ ಟ್ಯಾಂಕರಿನ ಕಡೆ, ಹರಿಯಿತು.

“ತಮ್ಮಾ! ಕಾಲು ಕೊಡು! ಬಲಕ್ಕೆ ಎಳೀ, ಬಲಕ್ಕೆ! ತಮ್ಮಾ!”

ಬಲಕ್ಕೆ ಎಳೆದೆ. ರಮಾನಂದನ ತೆಂಗಿನ ಸಿಪ್ಪೆಯ ರಾಶಿಯೊಳಗೆ ಸೊಂಟದವರೆಗೆ ಹೋಗಿ ನಿಂತೆ. ಅವನು ಓಡಿ ಬಂದ. ಸಿಪ್ಪೆ ಹಾಳಾಯಿತೆಂಬ ಗಾಬರಿ, ಜಿಪುಣನೆಂದರೆ ಹಾಗಿರಬೇಕು. ಒಂದು ಚಪ್ಪಲಿ ಅಂಗಳದಲ್ಲಿ, ಒಂದು ಪಾಗಾರದ ಮೇಲೆ ಬಿಟ್ಟು ಬಂದಿದ್ದನೆಂದು ನೀಲಾ ಹೇಳುತ್ತಾಳೆ. ನನ್ನ ಕೈಕಾಲು ಎಲ್ಲ ಹಿಚುಕಿ ನೋಡಿದ, ಮುರಿದಿಲ್ಲವೆಂದು ಖಾತ್ರಿಯಾದ ಕೂಡಲೇ ತಲೆಗೆ ಒಂದು ಬಿಟ್ಟ. ಆಮೇಲೆ ಗಾಲಿಗೆ ಮೂಗು ಕೊಟ್ಟು ಮೂಸಿದ.

“ಬ್ರೇಕಿಗೆ ಕೊಬ್ಬರಿ ಎಣ್ಣೆನಾ? ಎಂತ ಅದು, ದೋಸೆ ಕಲ್ಲಾ? ಹಾಂ? ಅಪ್ಪನ ಹೊಟ್ಟೆಯಲ್ಲಿ ಹುಟ್ಟಿ ಇಷ್ಟೇ ಕಲಿತದ್ದಾ ನೀನು?”

ನಲವತ್ತಾರು ವರ್ಷದ, ತೊಂಬತ್ತೆರಡು ಮನೆಗಳ ವಿಶ್ವಾಸ ಗಳಿಸಿದ ಪತ್ರಿಕಾ ಏಜೆಂಟನ ತಲೆಗೆ ಹಾಡಹಗಲೇ ಹೊಡೆದದ್ದನ್ನು ಇಲ್ಲಿ ತೀವ್ರವಾಗಿ ಖಂಡಿಸುತ್ತೇನೆ. ಸಂಜೆಯವರೆಗೂ ಅಣ್ಣ ಗಾಲಿಯನ್ನು ಮತ್ತೆ ಬಿಚ್ಚಿ, ಲಾಳವನ್ನು ಪೆಟ್ರೋಲಿನಲ್ಲಿ ತೊಳೆದು, ಪಾಲೀಷ್ ಕಾಗದದಲ್ಲಿ ತಿಕ್ಕಿ ಕುಳಿತಿದ್ದ, ಬೈಯುತ್ತಲೇ. ನನ್ನ ಅವಮಾನವನ್ನು ಹತ್ತಿರದಿಂದ ನೋಡುವ ಆಸೆ. ನಾನು ಎದುರು ಕುಳಿತು ಹತ್ತೊಂಬತ್ತು ಹಿಡಿದುಕೊಂಡಿದ್ದೆ, ಬೈಗುಳಗಳಿಗೆ ಸಾಕ್ಷಿ ಬೇಕಲ್ಲ.

ನವೆಂಬರ್ ೧೪, ಶುಕ್ರವಾರ

ಬಸ್ ಸ್ಟ್ಯಾಂಡಿನಲ್ಲಿ ಮಹಾಗಣಪತಿಯವರ ಎದುರು ಲೈನಿನ ವಿಚಾರಣೆ. ನಾನೂ ಕೂಗಿದೆ, ಅಣ್ಣನೂ ಕೂಗಿದ, ಕಟ್ಟು ಬಿಚ್ಚುವವರೆಲ್ಲ ಕೆಲಸ ಬಿಟ್ಟು ನೋಡಿದರು.

“ಸಾಕು ಮಾರಾಯ್ರೆ!” ಎಂದರು ಅವರು. “ಉಪ್ಪೋಣಿವರೆಗೆ ನಿತ್ಯಾನಂದ ಬೈಕಲ್ಲಿ ಹಾಕ್ಲಿ. ಅಲ್ಲಿಂದಾಚೆ ರಮಾನಂದ ರಿಕ್ಷಾದಲ್ಲಿ. ಅರ್ಧ ಅರ್ಧ. ಆತಾ?”

“ಆಗೂದಿಲ್ಲ!” ಎಂದೆವು.

ಇಬ್ಬರೂ ಒಂದೇ ಸಲ ಎಂದದ್ದರಿಂದ ಸ್ವಲ್ಪ ಮುಜುಗರವಾಯಿತು. ನಾನು ಬೇಡವೆಂದದ್ದಕ್ಕೆ ಬಲವಾದ ಕಾರಣವಿದೆ, ಈಗ ನೆನಪಾಗುತ್ತಿಲ್ಲ. ಅವನು ಯಾಕೆ ಬೇಡವೆಂದನೋ. ಮಹಾಗಣಪತಿಯವರು ಇಬ್ಬರ ಮುಖವನ್ನೂ ನೋಡಿ, ಪುಸ್ತಕ ತೆಗೆದು, ‘ರಮಾನಂದ’ ಎಂದಿದ್ದಲ್ಲಿ ಪಕ್ಕಕ್ಕೆ ‘ನಿತ್ಯಾನಂದ’ ಎಂದು ಸೇರಿಸಿದರು. ನನ್ನ ಹೆಸರು ಎರಡನೆಯದು. ಲಿಖಿತ ಪ್ರತಿಭಟನೆ ಸಲ್ಲಿಸಲಿದ್ದೇನೆ.

ನವೆಂಬರ್ ೧೬, ಭಾನುವಾರ

ಬೈಕು ಈಗ ಹೊಸದರ ಹಾಗಿದೆ. ಹಿಂದಿನ ಗಾಲಿಯನ್ನು ಒಮ್ಮೆ ತಿರುಗಿಸಿ ಬಿಟ್ಟರೆ ನಾನು ಹಲ್ಲುಜ್ಜಿ ಬರುವವರೆಗೂ ತಿರುಗುತ್ತಿರುತ್ತದೆ. ಆದರೆ ಭಾನುವಾರದ ಪುರವಣಿ ದಪ್ಪ, ಕಟ್ಟು ಭಾರ. ಅಲ್ಲದೆ ಅಣ್ಣನನ್ನು ಒಬ್ಬನೇ ಬಿಟ್ಟರೆ ಇಂಗ್ಲಿಷ್ ಪೇಪರಿನ ಮನೆಗೆ ಕನ್ನಡದ್ದು ಎಸೆಯುತ್ತಾನೆ. ಆದ್ದರಿಂದ ರಿಕ್ಷಾದಲ್ಲೇ ಹೋದೆ.

ಉಪ್ಪೋಣಿ ದಾಟಿದ ಮೇಲೆ ಹೊಸದಾಗಿ ಬಾಡಿಗೆಗೆ ಬಂದವರ ಮನೆಯೊಂದಿದೆ. ಅನೂಪ ಎಂಬ ಬ್ಯಾಂಕಿನ ಹುಡುಗಪ್ರಾಯದ ಆಫೀಸರು. ಗೇಟಿನಲ್ಲಿ ನಿಂತು ಕೈ ತೋರಿಸಿದರು.

“ಪೇಪರ್ ಹಾಕಿಸ್ಬೇಕಿತ್ತು. ಇಲ್ಲಿಗೆ ಏಜೆಂಟ್ ಯಾರು?”

“ನಾನು,” ಎಂದೆವು.

“ಅಂದ್ರೆ… ಯಾರು?”

“ನಾನು ಸರ್. ಹದಿನಾಲ್ಕು ವರ್ಷದಿಂದ. ಇವ ರಿಕ್ಷಾ ಬಿಡೂದು ಅಷ್ಟೇ.”

“ಪುಸ್ತಕದಲ್ಲಿ ಮೊದಲ ಹೆಸ್ರು ಯಾರದ್ದು ಕೇಳಿ ಸರ್. ಇವ ಬರೇ ಎಸೆಯೂದು. ಅದೂ ಮೊನ್ನೆ ಒಬ್ರ ಬಾವಿಗೇ ಎಸ್ದ.”

“ಬಾವಿಗೆ ಎಸ್ದದ್ದು ನೀನು ಗುಂಡಿಗೆ ಹಾರ್ಸಿದ್ದಕ್ಕೆ!”

“ಗುಂಡಿ ಇದೆ ಅಂತ ನೀ ಹೇಳ್ಬೇಕಿತ್ತು! ಅದಕ್ಕೇ ಅಲ್ದಾ ನಿನ್ನ ಕೂರ್ಸ್ಕಂಡದ್ದು?”

“ನೀ ನನ್ನ ಕೂರ್ಸ್ಕಂಡದ್ದಾ? ನಾ ನಿನ್ನ ಕರ್ಕಂಡು ಬಂದದ್ದು!”

ಆ ಮಹಾನುಭಾವರು ಎರಡು ಹೆಜ್ಜೆ ಹಿಂದೆ ಸರಿದು, “ಬೇಡ ಬಿಡಿ, ನಾನು ಮೊಬೈಲಲ್ಲೇ ಓದ್ತೀನಿ,” ಎಂದು ಗೇಟು ಹಾಕಿಕೊಂಡರು.

ತೊಂಬತ್ತಮೂರನೆಯ ಮನೆ ಹೀಗೆ ಕೈತಪ್ಪಿತು. ತಪ್ಪು ಪೂರ್ತಿ ಅವನದ್ದು. ಪೂರ್ತಿ ನನ್ನದೆಂದು ಅವನ ವಾದ. ಗೇರುಸೊಪ್ಪ ಬಂದರೂ ತೀರ್ಮಾನವಾಗಲಿಲ್ಲ. ಪೇಪರು ಮುಗಿದ ಮೇಲೆ ಹೊಳೆಬದಿಯಲ್ಲಿ ರಿಕ್ಷಾ ನಿಲ್ಲಿಸಿ ಮುಂದುವರಿಸಿದೆವು. ವಾಪಸು ಬರುವ ಹಾದಿಯುದ್ದಕ್ಕೂ ಮುಂದುವರಿಸಿದೆವು. ಮನೆ ಹತ್ತಿರ ಬಂದಾಗ ಅವನು ವೇಗ ಕಡಿಮೆ ಮಾಡಿದ, ನಾನು ಆಡುತ್ತಿದ್ದ ವಾಕ್ಯ ಮುಗಿಯಲಿ ಎಂದಿರಬೇಕು. ಆದರೂ ಮುಗಿಯಲಿಲ್ಲ. ಹಿಸ್ಸೆಯ ದಿನದ್ದು ಇದೆ, ಅಪ್ಪನ ಕಾಯಿಲೆಯ ತಿಂಗಳಿನದ್ದು ಇದೆ, ಅದಕ್ಕೂ ಹಿಂದಿನ ಕೆಲವು ಸಂಗತಿಗಳಿವೆ. ಅವನ ಹತ್ತಿರವೂ ಬೇಕಾದಷ್ಟು ಇದ್ದ ಹಾಗಿದೆ. ಮುಖ ನೋಡಿದರೆ ಗೊತ್ತಾಗುತ್ತದೆ. ಒಂದೊಂದನ್ನೂ ಸರಿಯಾಗಿ ಬೈದು ಮುಗಿಸಲು ಗೇರುಸೊಪ್ಪ ರಸ್ತೆ ಸಾಲದು.

ಅಲಾರಂ ನಾಲ್ಕಕ್ಕಿತ್ತು. ಮೂರೂ ಮುಕ್ಕಾಲಿಗೆ ಇಟ್ಟಿದ್ದೇನೆ.